ನಾಲ್ಕು ಲ್ಯಾಬ್, ಒಂದೇ ಅರ್ಜಿ: ಜಂಟಿ ಸಂಶೋಧನೆಗೆ ಅನುದಾನ ಕೇಳುವುದು ಹೇಗೆ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಊರಿನವರಿಗೆ ಜ್ವರ ಬಂತು. ಅದೇ ನಮ್ಮ ಮಲೆನಾಡಿನ ಮಂಗನ ಕಾಯಿಲೆ. ವೈರಸ್ ಹರಡುವುದು ಉಣುಗಿನಿಂದ. ಆ ಉಣುಗು ಮಂಗಕ್ಕೂ ಹತ್ತುತ್ತದೆ, ದನಕ್ಕೂ ಹತ್ತುತ್ತದೆ, ಸೊಪ್ಪು ಕಡಿಯಲು ಕಾಡಿಗೆ ಹೋದವರಿಗೂ ಹತ್ತುತ್ತದೆ. ಹಾಗಾದರೆ ಇದರ ಸಂಶೋಧನೆ ಯಾರ ಕೆಲಸ? ಪಶುವೈದ್ಯರದೇ, ವೈದ್ಯಕೀಯ ಕಾಲೇಜಿನದೇ, ಕಾಡು ಬಲ್ಲವರದೇ? ಒಬ್ಬರಿಂದ ಆಗುವುದಿಲ್ಲ.

ಒಟ್ಟಿಗೆ ಕೆಲಸ ಮಾಡೋಣ ಅಂತ ಮಾತಾಡಿಕೊಳ್ಳುವುದು ಸುಲಭ. ಒಟ್ಟಿಗೆ ದುಡ್ಡು ಕೇಳುವುದು ಕಷ್ಟ. ನನ್ನ ಪ್ರಕಾರ ಇಂಥ ಅರ್ಜಿಗಳು ಜಾಸ್ತಿ ಎಡವುವುದು ವಿಜ್ಞಾನದಲ್ಲಲ್ಲ. ಯಾರಿಗೆ ಎಷ್ಟು ಹಣ, ಯಾರ ಕೈಗೆ ಯಾವ ಸ್ಯಾಂಪಲ್ ಎಂಬಲ್ಲಿ. ಮಂಗನ ಕಾಯಿಲೆಯನ್ನೇ ಉದಾಹರಣೆ ಇಟ್ಟುಕೊಂಡು ನೋಡೋಣ.

1. ಪ್ರಶ್ನೆ ಮೊದಲು, ಜೊತೆಗಾರರು ಆಮೇಲೆ

ದನಗಳು ಕಾಡಿನ ಉಣುಗನ್ನು ಕೊಟ್ಟಿಗೆಯವರೆಗೆ ಎಷ್ಟರ ಮಟ್ಟಿಗೆ ಹೊತ್ತುಕೊಂಡು ಬರುತ್ತವೆ? ಇದು ಒಳ್ಳೆಯ ಜಂಟಿ ಪ್ರಶ್ನೆ. ಉಣುಗಿನ ಜಾತಿ ಗುರುತಿಸುವವರು ಬೇಕು, ದನದ ಓಡಾಟ ಬಲ್ಲ ಪಶುವೈದ್ಯರು ಬೇಕು, ಕಾಡಿನ ನಕ್ಷೆ ಮಾಡುವವರು ಬೇಕು. ಅರ್ಜಿಯಿಂದ ಒಬ್ಬರ ಹೆಸರು ತೆಗೆದುಹಾಕಿ ನೋಡಿ. ಕೆಲಸ ಆಗಲೂ ನಡೆಯುತ್ತದೆ ಎಂದಾದರೆ ಅವರು ಹೆಸರಿಗಷ್ಟೇ ಇದ್ದಾರೆ. ಅರ್ಜಿ ಓದುವ ತಜ್ಞರು ಇದನ್ನು ಬೇಗ ಹಿಡಿಯುತ್ತಾರೆ. ದೊಡ್ಡ ಸಂಸ್ಥೆಯ ದೊಡ್ಡ ಹೆಸರನ್ನು ಸುಮ್ನೆ ಸೇರಿಸಬೇಡಿ.

ಮಂಕಿಫೀವರ್‌ರಿಸ್ಕ್ ಯೋಜನೆ ಇಲ್ಲಿ ನೋಡುವಂಥದ್ದು. ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರದ ಜೊತೆ ಬೆಂಗಳೂರಿನ ಪರಿಸರ ಸಂಸ್ಥೆ ಏಟ್ರೀ, ಪಶುರೋಗ ಸಂಸ್ಥೆ ನಿವೇದಿ, ಸಾರ್ವಜನಿಕ ಆರೋಗ್ಯ ಸಂಸ್ಥೆ ಐಪಿಎಚ್ ಕೆಲಸ ಮಾಡಿದವು. ಕಾಡು ಮತ್ತು ತೋಟ ಬೆರೆತ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಎಂದು ಆ ತಂಡದ ನಕ್ಷೆ ತೋರಿಸಿತು. ಕಾಡು, ತೋಟ, ದನ, ಕಾಯಿಲೆ ಬಿದ್ದವರು. ಇಷ್ಟೂ ಲೆಕ್ಕ ಒಂದೇ ವಿಭಾಗದಲ್ಲಿ ಸಿಗುವುದಿಲ್ಲ ಅಲ್ವಾ?

2. ಹಣ ಎಲ್ಲಿದೆ?

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಂದರೆ ಡಿಬಿಟಿ, ವಿಷಯವಾರು ಅರ್ಜಿ ಕರೆಯುತ್ತದೆ. ಹಲವು ಸಂಸ್ಥೆ ಸೇರಿ ಕೇಳಲು ಅಲ್ಲಿ ಜಾಗ ಇದೆ. 2023ರ ಕಾಯ್ದೆಯಿಂದ ಬಂದ ಎಎನ್‌ಆರ್‌ಎಫ್, ಅಂದರೆ ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ, ಇದೇ ಕೆಲಸದ ಹಳೆಯ ಮಂಡಳಿ ಎಸ್‌ಇಆರ್‌ಬಿಯ ಜಾಗದಲ್ಲಿ ಕೂತಿದೆ. ಅದರ ‘ಪೇರ್’ ಯೋಜನೆಯಲ್ಲಿ ಮುಂದಿರುವ ಒಂದು ಸಂಸ್ಥೆ ನಡುವೆ ನಿಂತು, ರಾಜ್ಯ ವಿಶ್ವವಿದ್ಯಾಲಯಗಳಂಥವನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಡಿಬಿಟಿ ಮತ್ತು ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್, ತಂಡಗಳಿಗೆಂದೇ ಐದು ವರ್ಷಕ್ಕೆ 10 ಕೋಟಿ ರೂಪಾಯಿವರೆಗಿನ ಅನುದಾನ ಕೊಟ್ಟಿದೆ.

ಸ್ಟ್ರಾಸ್‌ಬರ್ಗ್‌ನ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಮ್‌ನ ಸಂಗತಿಯೇ ಬೇರೆ. ಭಾರತವೂ ಅದರ ಸದಸ್ಯ. ಬೇರೆ ಬೇರೆ ದೇಶದ, ಹಿಂದೆ ಜೊತೆಯಾಗಿ ಕೆಲಸ ಮಾಡಿರದ ಲ್ಯಾಬುಗಳೇ ಅದಕ್ಕೆ ಬೇಕು. ಮೂಲ ವಿಜ್ಞಾನಕ್ಕೆ ಮಾತ್ರ ಹಣ. ಉಣುಗು ಪ್ರಾಣಿಯ ವಾಸನೆ ಹೇಗೆ ಹಿಡಿಯುತ್ತದೆ ಎಂದು ಕೇಳಿದರೆ ಕಿವಿಗೊಡುತ್ತಾರೆ, ಲಸಿಕೆ ಮಾಡುತ್ತೇವೆ ಎಂದರೆ ಇಲ್ಲ. ಪ್ರತಿ ಕರೆಯ ನಿಯಮವೂ ಬದಲಾಗುತ್ತಿರುತ್ತದೆ. ಹಿರಿಯರ ಹಳೆಯ ಅರ್ಜಿ ನಕಲು ಮಾಡುವ ಬದಲು ಈ ವರ್ಷದ ಪ್ರಕಟಣೆ ಓದಿ.

3. ಹಣ ಹಂಚುವ ಮಾತು ಮೊದಲೇ ಆಗಲಿ

ಸಂಕೋಚ ಇಲ್ಲೇ. ಮುಖ್ಯ ಸಂಶೋಧಕರು ಹಿರಿಯರು, ಕೇಳುವುದು ಹೇಗೆ ಎಂದು ಕಿರಿಯರು ಸುಮ್ಮನಿರುತ್ತಾರೆ. ಆಮೇಲೆ ಒಂದು ಕಡೆ ಯಂತ್ರ ಬರುತ್ತದೆ, ಇನ್ನೊಂದು ಕಡೆ ಸ್ಯಾಂಪಲ್ ತರುವ ಜೀಪಿಗೆ ಡೀಸೆಲ್ ಇರುವುದಿಲ್ಲ.

ಪ್ರತಿ ಸಂಸ್ಥೆಯ ಬಜೆಟ್ ಬೇರೆ ಬೇರೆ ಬರೆಯಿರಿ. ಮೊದಲು ಜನ, ಆಮೇಲೆ ಯಂತ್ರ. 2023ರ ಜನವರಿಯಿಂದ ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೋಗೆ, ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಎಸ್‌ಆರ್‌ಎಫ್‌ಗೆ 42,000. ಎರಡು ವರ್ಷ ಜೆಆರ್‌ಎಫ್, ಮೂರನೆಯ ವರ್ಷ ಎಸ್‌ಆರ್‌ಎಫ್ ಎಂದು ಹಿಡಿದರೆ ಒಬ್ಬರಿಗೇ 13.92 ಲಕ್ಷ. ಮನೆ ಬಾಡಿಗೆ ಭತ್ಯೆ ಇದರ ಮೇಲೆ. ಮೂರು ಸಂಸ್ಥೆಗೆ ಒಬ್ಬೊಬ್ಬರು ಎಂದರೆ 42 ಲಕ್ಷದ ಹತ್ತಿರ. ಈ ಲೆಕ್ಕ ಮಾಡದೆ ಮೊದಲೇ ಸೀಕ್ವೆನ್ಸರ್ (ಡಿಎನ್‌ಎ ಓದುವ ಯಂತ್ರ) ಬರೆದಿಟ್ಟವರು ಕೊನೆಗೆ ಹುಡುಗರನ್ನು ಕಡಿಮೆ ಮಾಡುತ್ತಾರೆ. ಕಾಡಿಗೆ ಹೋಗುವವರು ಯಾರು ಮತ್ತೆ?

ಖರೀದಿ ನಿಯಮವೂ ಎಲ್ಲರಿಗೂ ಒಂದೇ ಅಲ್ಲ. ಕೇಂದ್ರದ ವೈಜ್ಞಾನಿಕ ಸಂಸ್ಥೆಗಳಿಗೆ 2025ರ ಜೂನ್‌ನಲ್ಲಿ ಮಿತಿ ಸಡಿಲವಾಯಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಿಗೆ 1999ರ ಕೆಟಿಪಿಪಿ, ಅಂದರೆ ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ, ಕಾಯ್ದೆ ಇದೆ. ಅದೇ ರಾಸಾಯನಿಕ ಒಂದು ಲ್ಯಾಬಿಗೆ ಬೇಗ, ಇನ್ನೊಂದಕ್ಕೆ ತಡವಾಗಿ ಬರಬಹುದು. ದೊಡ್ಡ ಯಂತ್ರ ಯಾರ ಹೆಸರಲ್ಲಿ ಕೊಳ್ಳಬೇಕು ಎಂದು ನಿಮ್ಮ ಹಣಕಾಸು ಅಧಿಕಾರಿಯನ್ನು ಅರ್ಜಿ ಹಾಕುವ ಮೊದಲೇ ಕೇಳಿ. ಕೊನೆಯ ದಿನ ಸಹಿಗೆ ಓಡುವುದಕ್ಕಿಂತ ಇದು ಒಳ್ಳೆಯದು.

4. ಅನುಮತಿ ಮತ್ತು ಋತು

ಉಣುಗು ಆರಿಸಲು ಅಭಯಾರಣ್ಯದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ರೋಗಿಯ ರಕ್ತ ಬೇಕಾದರೆ ಮಾನವ ನೈತಿಕ ಸಮಿತಿ. ಇಲಿಗಳ ಮೇಲೆ ಪ್ರಯೋಗವಾದರೆ ಪ್ರಾಣಿ ನೈತಿಕ ಸಮಿತಿ. ವೈರಸ್ ಇರುವ ಕೆಲಸಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ. ಜೀವಂತ ವೈರಸ್ ಬೆಳೆಸುವ ಸುರಕ್ಷಿತ ಲ್ಯಾಬ್ ಎಲ್ಲ ಕಡೆ ಇಲ್ಲ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥದ್ದು (ಎನ್‌ಐವಿ) ಜೊತೆಗಿದ್ದರೆ ಮಾತ್ರ ಆ ಭಾಗ ಬರೆಯಿರಿ. ವಿದೇಶಿ ವಿಶ್ವವಿದ್ಯಾಲಯ ಸೇರಿದರೆ 2002ರ ಜೀವವೈವಿಧ್ಯ ಕಾಯ್ದೆ ನೋಡಬೇಕು. ಆರೋಗ್ಯದ ವಿಷಯವಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯೂ ಇದೆ.

ಋತುವನ್ನು ಮರೆಯುವವರೇ ಜಾಸ್ತಿ. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಮರಿ ಉಣುಗುಗಳು ಚುರುಕಾಗುವುದೂ ಆಗಲೇ. ಮಂಜೂರಾತಿ ಮಾರ್ಚ್‌ನಲ್ಲಿ ಬಂದು, ಹುಡುಗರನ್ನು ತೆಗೆದುಕೊಳ್ಳುವಷ್ಟರಲ್ಲಿ ಮಳೆ ಹಿಡಿದರೆ ಆ ಸೀಸನ್ ಹೋದ ಹಾಗೆ. ಮೂರು ವರ್ಷದ ಯೋಜನೆಯಲ್ಲಿ ಎರಡೇ ಸೀಸನ್ ಸಿಗಬಹುದು ಎಂದುಕೊಂಡೇ ಕೆಲಸದ ಪಟ್ಟಿ ಮಾಡಿ.

5. ಒಪ್ಪಂದ

ಎಂಒಯು ಎಂದರೆ ಕುಲಪತಿಗಳು ಕೈಕುಲುಕುವ ಫೋಟೋ ಅಲ್ಲ. ಸ್ಯಾಂಪಲ್ ಎಲ್ಲಿ ಇಡುತ್ತೀರಿ, ಮೈನಸ್ 80 ಡಿಗ್ರಿ ಫ್ರೀಜರಿನ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಪೇಟೆಂಟ್ ಬಂದರೆ ಪಾಲು ಎಷ್ಟು, ಮುಖ್ಯ ಸಂಶೋಧಕರು ನಿವೃತ್ತರಾದರೆ ಯಾರು ನಡೆಸುತ್ತಾರೆ. ಎಲ್ಲ ಅದರಲ್ಲಿ ಇರಲಿ.

6. ಬರೆಯುವಾಗ

ಒಬ್ಬರೇ ಬರೆಯಲಿ, ಎಲ್ಲರೂ ತಿದ್ದಲಿ. ನಾಲ್ಕು ಜನ ನಾಲ್ಕು ಭಾಗ ಬರೆದು ಅಂಟಿಸಿದ್ದು ಓದುವವರಿಗೆ ಗೊತ್ತಾಗಿಬಿಡುತ್ತದೆ. ಯಾರ ಕೆಲಸ ಮುಗಿದ ಮೇಲೆ ಯಾರದು ಶುರು ಎಂದು ಒಂದೇ ಪುಟದ ಚಿತ್ರ ಹಾಕಿ.

7. ಹಣ ಬಂದ ಮೇಲೆ

ಪ್ರತಿ ಸಂಸ್ಥೆ ಖರ್ಚಿನ ಪಟ್ಟಿ ಮತ್ತು ಯುಸಿ, ಅಂದರೆ ಬಳಕೆ ಪ್ರಮಾಣಪತ್ರ, ಕೊಡಬೇಕು. ಜಿಎಫ್‌ಆರ್ 12-ಎ ನಮೂನೆ ಎಂದರೆ ಅಕೌಂಟ್ಸ್ ವಿಭಾಗದವರಿಗೆ ಗೊತ್ತಿರುತ್ತದೆ. ಅನುದಾನಕ್ಕೆ ಬಂದ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಒಂದು ಸಂಸ್ಥೆಯ ಯುಸಿ ತಡವಾದರೆ ಮುಂದಿನ ಕಂತಿಗಾಗಿ ಎಲ್ಲರೂ ಕಾಯಬೇಕಾಗಬಹುದು. ಆದ್ದರಿಂದ ಲೆಕ್ಕ ಕೇಳಲು ಮಾರ್ಚ್ ಮುಗಿಯುವುದನ್ನು ಕಾಯಬೇಡಿ. ಜನವರಿಯಲ್ಲೇ ಎಲ್ಲ ಸಂಸ್ಥೆಗಳ ಅಕೌಂಟ್ಸ್‌ನವರನ್ನು ಒಂದು ವಿಡಿಯೊ ಕಾಲ್‌ನಲ್ಲಿ ಕೂರಿಸಿ, ಯಾವ ಬಿಲ್ ಎಲ್ಲಿ ಬಾಕಿ ಇದೆ ಎಂದು ಪಟ್ಟಿ ಮಾಡಿಕೊಳ್ಳಿ.