ನೆಲಮಾಳಿಗೆಯ ತೇವ: ಬಣ್ಣ ಬಳಿಯುವ ಮೊದಲು ನೀರಿನ ದಾರಿ ಹುಡುಕಿ

ಹಳೇ ಮನೆಯ ನೆಲಮಾಳಿಗೆಯ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬರುತ್ತಿದೆಯೇ? ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಹುಡಿ ಎದ್ದಿದೆಯೇ? ಬಹಳಷ್ಟು ಜನ ಆಗ ವಾಟರ್‌ಪ್ರೂಫ್ ಪೇಂಟ್ ತಂದು ಒಳಗಿನಿಂದ ಬಳಿದುಬಿಡುತ್ತಾರೆ. ದಯವಿಟ್ಟು ಆತುರಪಡಬೇಡಿ. ನೀರಿನ ಮೂಲ ತಿಳಿಯದೆ ಬಳಿದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆಯ ಒಂದು ಭಾಗವನ್ನು ಒರೆಸಿ ಒಣಗಿಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಮೇಲೆ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಎರಡೂ ಕಡೆ ಹನಿ ಕಾಣುವುದೂ ಉಂಟು.

ಗಾಳಿಯ ತೇವವಾದರೆ, ಹೊರಗೆ ಸೆಕೆ ಇರುವಾಗ ಕಿಟಕಿ ತೆರೆದಿಡಬೇಡಿ. ಬೆಚ್ಚನೆಯ ಗಾಳಿ ತಣ್ಣನೆಯ ಗೋಡೆಗೆ ತಾಗಿ ಅಲ್ಲೇ ನೀರಾಗುತ್ತದೆ. ತಂಪಾದ ಒಣ ಹವೆ ಇರುವ ಹೊತ್ತಿನಲ್ಲಿ ತೆರೆಯಿರಿ. ಒಳಗಿನ ಆರ್ದ್ರತೆ ಶೇ 60ರ ಒಳಗಿದ್ದರೆ ಬೂಷ್ಟು ಅಷ್ಟು ಸುಲಭಕ್ಕೆ ಹಿಡಿಯದು.

ಗೋಡೆಯಿಂದ ಬರುವ ನೀರಿಗೆ ಹುಡುಕಾಟ ಹೊರಗಿನಿಂದಲೇ ಶುರುವಾಗಬೇಕು. ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ಒಮ್ಮೆ ನಡೆಯಿರಿ. ಬೇಸಿಗೆಯಲ್ಲಿ ಕಾಣದ್ದು ಆಗ ಕಾಣುತ್ತದೆ. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಸೂರಿನ ದೋಣಿ ಒಡೆದು, ಅಷ್ಟೂ ನೀರು ಅಡಿಪಾಯದ ಬುಡಕ್ಕೇ ಸುರಿಯುತ್ತಿದ್ದರೆ ಯಾವ ಗೋಡೆ ತಡೆದೀತು? ದೋಣಿಯ ಕಸ ತೆಗೆಯಿರಿ, ಇಳಿಪೈಪಿನ ನೀರನ್ನು ಕನಿಷ್ಠ 2 ಮೀಟರ್ ಆಚೆ ಬಿಡಿ. ಗೋಡೆಯ ಪಕ್ಕದ ಮಣ್ಣು ಮೊದಲ 3 ಮೀಟರಿಗೆ 15 ಸೆಂಟಿಮೀಟರಿನಷ್ಟಾದರೂ ಹೊರಕ್ಕೆ ಇಳಿಜಾರಾಗಿರಲಿ. ಎಷ್ಟೋ ಮನೆಗಳಿಗೆ ಇಷ್ಟೇ ಸಾಕಾಗುತ್ತದೆ. ಮಳೆ ಇಲ್ಲದ ದಿನವೂ ಜಿನುಗುತ್ತಿದ್ದರೆ ನಲ್ಲಿಗಳನ್ನೆಲ್ಲ ಮುಚ್ಚಿ ನೀರಿನ ಮೀಟರ್ ನೋಡಿ; ಮುಳ್ಳು ತಿರುಗುತ್ತಿದ್ದರೆ ಪೈಪು ಎಲ್ಲೋ ಸೋರುತ್ತಿದೆ.

ಅಂತರ್ಜಲವೇ ಮೇಲೆದ್ದು ಬರುತ್ತಿದ್ದರೆ ರಂಧ್ರವಿರುವ ಪೈಪು ಹೂಳಿ, ನೀರನ್ನು ಗುಂಡಿಗೆ ಹರಿಸಿ ಪಂಪಿನಿಂದ ಎತ್ತಬೇಕು. ಹಳೇ ಅಡಿಪಾಯದ ಪಕ್ಕ ಅಗೆಯುವುದು ಅಪಾಯ, ಎಂಜಿನಿಯರ್‌ಗೆ ತೋರಿಸದೆ ಗುದ್ದಲಿ ಹಾಕಬೇಡಿ.

ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಸುಣ್ಣ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಒಳಗೇ ಕೂಡಿಹಾಕುತ್ತದೆ. ಆಗ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಒಡೆಯುತ್ತದೆ. ಗಾರೆ ಕಿತ್ತಲ್ಲಿ ಸುಣ್ಣದ ಗಾರೆಯನ್ನೇ ಹಾಕಿಸಿ, ಅದೂ ಗೋಡೆ ಚೆನ್ನಾಗಿ ಒಣಗಿದ ಮೇಲೆ. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು.

ನೆಲಮಾಳಿಗೆ ತುಂಬಿಹೋಗಿದ್ದರೆ ವಿದ್ಯುತ್ ಕಡಿತವಾಗಿದೆಯೆಂದು ಖಚಿತವಾಗುವ ತನಕ ನೀರಿಗೆ ಕಾಲಿಡಬೇಡಿ. ಎಲ್ಲ ನೀರನ್ನೂ ಒಂದೇ ಸಲ ಪಂಪ್ ಮಾಡಬಾರದು. ಹೊರಗಿನ ಒದ್ದೆ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ಒಂದಡಿಯಷ್ಟು ತೆಗೆದು ಗೋಡೆಗೆ ಗುರುತು ಹಾಕಿ. ಮರುದಿನ ನೀರು ಗುರುತಿಗಿಂತ ಮೇಲೆ ಬಂದಿದ್ದರೆ ಇನ್ನೂ ಕಾಯಿರಿ, ಬಂದಿರದಿದ್ದರೆ ಇನ್ನೊಂದಡಿ ತೆಗೆಯಿರಿ.