ದಿನಾಂಕ ಮೀರಿದ ಬಾಟಲಿಗಳನ್ನು ಎಸೆಯುವ ಮುನ್ನ: ಈಜುಕೊಳದ ಪರೀಕ್ಷಾ ಕಿಟ್ ಕುರಿತು ನನ್ನ ಅನುಭವ

ಈಜುಕೊಳದ ನೀರನ್ನು ಪರೀಕ್ಷಿಸುವ ದ್ರಾವಣಗಳನ್ನು ಲೇಬಲ್ಲಿನ ದಿನಾಂಕವೊಂದನ್ನೇ ನೋಡಿ ಎಸೆಯುವುದನ್ನು ನಾನು ಬಿಟ್ಟು ಕೆಲವು ವರ್ಷಗಳಾದವು. ಈಗ ಸಾಂದ್ರತೆ ಗೊತ್ತಿರುವ ನೀರನ್ನು ನಾನೇ ತಯಾರಿಸಿ, ತಿಂಗಳಿಗೊಮ್ಮೆ ಪ್ರತಿ ಬಾಟಲಿಯನ್ನೂ ಅದರಿಂದ ಒರೆಗೆ ಹಚ್ಚುತ್ತೇನೆ. ಇದು ಪ್ರಯೋಗಶಾಲೆಯವರ ಕಸರತ್ತು, ಪಂಪ್ ಕೋಣೆಯಲ್ಲಿ ನಡೆಯುವ ಮಾತಲ್ಲ ಎಂದು ಜೊತೆಯವರು ಹೇಳಿದ್ದರು. ನಡೆಯುತ್ತಿದೆ; ಕಿಟ್‌ಗಾಗಿ ಆಗುತ್ತಿದ್ದ ವಾರ್ಷಿಕ ಖರ್ಚು ಅಂದಾಜು ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಅಧಿಕೃತ ತಪಾಸಣೆಗೆ ಒಳಪಡುವ ಕೊಳವಾದರೆ ಮಾತ್ರ ದಿನಾಂಕ ಮೀರಿದ ಬಾಟಲಿಯನ್ನು ಇಟ್ಟುಕೊಳ್ಳಬೇಡಿ.

ಹಣ ಸೋರುತ್ತಿದ್ದುದು ಡಿಪಿಡಿ ದ್ರಾವಣ (ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿಯಾಗಿಸುವಂಥದ್ದು) ಕೆಟ್ಟಿತೆಂದು ಇಡೀ ಕಿಟ್ಟನ್ನೇ ಬದಲಿಸುತ್ತಿದ್ದುದರಿಂದ. ಕ್ಷಾರತೆಯ ಪರೀಕ್ಷೆಗೆ ಬಳಸುವ ಸಲ್ಫ್ಯೂರಿಕ್ ಆಮ್ಲವಾಗಲಿ, ಗಡಸುತನಕ್ಕೆ ಬಳಸುವ ಇಡಿಟಿಎ ಆಗಲಿ, ಮುಚ್ಚಳ ಬಿಗಿಯಾಗಿದ್ದರೆ ಸುಲಭಕ್ಕೆ ಕೆಡುವುದಿಲ್ಲ. ಗಾಳಿ ತಾಗಿದರೆ ಕೆಡುವವು ಮುಖ್ಯವಾಗಿ ಎರಡು: ಡಿಪಿಡಿ ಮತ್ತು ಫೆರಸ್ ಅಮೋನಿಯಂ ಸಲ್ಫೇಟ್ (ಆ ಗುಲಾಬಿ ಬಣ್ಣ ಹೋಗುವವರೆಗೆ ಹನಿ ಹನಿಯಾಗಿ ಹಾಕಿ, ಹನಿಗಳ ಲೆಕ್ಕದಿಂದ ಕ್ಲೋರಿನ್ ಅಳೆಯುವ ದ್ರಾವಣ). ಇವೆರಡೂ ಸುಳ್ಳು ಹೇಳುವ ದಿಕ್ಕು ಬೇರೆ ಬೇರೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಾಫಿ ಬಣ್ಣಕ್ಕೆ ತಿರುಗಿದ ಡಿಪಿಡಿ ಕ್ಲೋರಿನ್ನನ್ನು ಕಡಿಮೆ ತೋರಿಸುತ್ತದೆ, ಆಗ ನಾವು ಅನಗತ್ಯವಾಗಿ ಕ್ಲೋರಿನ್ ಸುರಿಯುತ್ತೇವೆ. ಶಕ್ತಿಗುಂದಿದ ಫೆರಸ್ ದ್ರಾವಣಕ್ಕೆ ಹೆಚ್ಚು ಹನಿಗಳು ಬೇಕಾಗುವುದರಿಂದ ಅಳತೆ ಹೆಚ್ಚು ಬರುತ್ತದೆ, ಆಗ ಕೊಳದಲ್ಲಿ ಇಲ್ಲದ ಕ್ಲೋರಿನ್ನನ್ನು ಇದೆಯೆಂದು ನಂಬುತ್ತೇವೆ. ನನ್ನ ಮಟ್ಟಿಗೆ ಎರಡನೆಯದೇ ಅಪಾಯ, ಏಕೆಂದರೆ ಆ ಬಾಟಲಿಯ ಬಣ್ಣ ನೋಡಿದರೆ ಏನೂ ತಿಳಿಯುವುದಿಲ್ಲ.

ಒರೆಗಲ್ಲಾಗಿ ಮೊದಲು ಬಳಸಿದ್ದು ಮನೆಬಳಕೆಯ ಬ್ಲೀಚ್ ದ್ರಾವಣ. ಅದು ತಾನೇ ದಿನದಿಂದ ದಿನಕ್ಕೆ ಶಕ್ತಿ ಕಳೆದುಕೊಳ್ಳುವುದರಿಂದ, ಕೆಟ್ಟದ್ದು ಬ್ಲೀಚೋ ಪರೀಕ್ಷಾ ದ್ರಾವಣವೋ ಎಂಬುದು ಕೊನೆಗೂ ಗೊತ್ತಾಗಲಿಲ್ಲ, ಒಂದಿಡೀ ಬಾಟಲಿ ಒಳ್ಳೆಯ ಡಿಪಿಡಿ ಅದರಲ್ಲೇ ವ್ಯರ್ಥವಾಯಿತು. ಆಮೇಲೆ ಪೊಟ್ಯಾಶಿಯಂ ಪರ್ಮಾಂಗನೇಟಿಗೆ ಬಂದೆ. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ 0.891 ಗ್ರಾಂ ಹಾಕಿ ಮೂಲ ದ್ರಾವಣ ಮಾಡಿ, ಅದರ 10 ಮಿಲಿಯನ್ನು 100 ಮಿಲಿಗೆ ಏರಿಸಿ, ಆ ಎರಡನೆಯ ದ್ರಾವಣದ 5 ಮಿಲಿಯನ್ನು ಮತ್ತೆ 100 ಮಿಲಿ ಮಾಡಿದರೆ, ಡಿಪಿಡಿಯ ಮುಂದೆ ಅದು 5 ಪಿಪಿಎಂ (ದಶಲಕ್ಷಕ್ಕೆ 5 ಭಾಗ) ಕ್ಲೋರಿನ್ನಿನಂತೆಯೇ ವರ್ತಿಸುತ್ತದೆ. ಡಿಪಿಡಿ ಹಾಕಿದ ಇದರ 10 ಮಿಲಿ ಮಾದರಿ ಗುಲಾಬಿಯಿಂದ ಬಣ್ಣರಹಿತವಾಗಲು, ಹನಿಗೆ 0.5 ಪಿಪಿಎಂ ಲೆಕ್ಕದಲ್ಲಿ, ಫೆರಸ್ ದ್ರಾವಣದ 10 ಹನಿ ಸಾಕು. 11 ಆದರೆ ಇನ್ನೊಮ್ಮೆ ಮಾಡುತ್ತೇನೆ, ಮತ್ತೆ ಮತ್ತೆ 12 ಬಂದರೆ ಬಾಟಲಿಗೆ ವಿದಾಯ. ತೆಳುಗೊಳಿಸಿದ ದ್ರಾವಣ ಬಹು ಬೇಗ ಕೆಡುತ್ತದೆ, ಅಂದಂದೇ ಮಾಡಿಕೊಳ್ಳಬೇಕು. ಮೂಲ ದ್ರಾವಣವನ್ನು ಕಂದು ಗಾಜಿನ ಶೀಶೆಯಲ್ಲಿ ಕತ್ತಲಲ್ಲಿ ಇಡಬೇಕು. 

ಕ್ಷಾರತೆಗೆ ಅಡುಗೆ ಸೋಡಾ ಸಾಕು: ಲೀಟರಿಗೆ 1.68 ಗ್ರಾಂ ಹಾಕಿದರೆ 1000 ಪಿಪಿಎಂ, ಅದನ್ನು ಹತ್ತು ಪಟ್ಟು ತೆಳುಗೊಳಿಸಿದರೆ 100. ಇಲ್ಲಿಯೂ ಹನಿಗಳು ಹೆಚ್ಚಾಗಿ ಬಂದಾಗ ಆಮ್ಲವನ್ನು ದೂರುವ ಮೊದಲು ಬಾಟಲಿಯ ಮೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಮೂತಿಯಲ್ಲಿ ಸ್ಥಿರ ವಿದ್ಯುತ್ ಇದ್ದರೆ ಹನಿ ದುಂಡಾಗುವ ಮೊದಲೇ ಕಳಚಿ ಬೀಳುತ್ತದೆ, ಲೆಕ್ಕ ಏರುತ್ತದೆ. ಬಾಟಲಿಯನ್ನು ನೆಟ್ಟಗೆ ಹಿಡಿಯದಿದ್ದರೂ ಹನಿಯ ಗಾತ್ರ ಬದಲಾಗುತ್ತದೆ.

ಇದರ ನಡುವೆ ನೀರಿನಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷಾ ಸ್ಟ್ರಿಪ್‌ಗಳ ಮೇಲೂ ಕೈಯಾಡಿಸಿದೆ. ಒಂದೇ ಬಾರಿಗೆ ತೆರೆದ ಎರಡು ಡಬ್ಬಿಗಳಲ್ಲಿ ಒಂದನ್ನು ಪಂಪ್ ಕೋಣೆಯಲ್ಲೂ ಇನ್ನೊಂದನ್ನು ಒಣ ಕಪಾಟಿನಲ್ಲೂ ಇಟ್ಟಿದ್ದೆ. ಕೆಲವೇ ವಾರಗಳಲ್ಲಿ ಒಂದೇ ನೀರಿಗೆ ಅವು ಬೇರೆ ಬೇರೆ ಕ್ಲೋರಿನ್ ಬಣ್ಣ ತೋರಿಸತೊಡಗಿದವು. ಫ್ರಿಜ್ಜಿನಲ್ಲಿಡುವ ಸಲಹೆಯೂ ನನಗೆ ಒಗ್ಗಲಿಲ್ಲ, ಹೊರತೆಗೆದಾಗಲೆಲ್ಲ ಡಬ್ಬಿಯೊಳಗೆ ತೇವ ಕೂರುತ್ತದೆ.

ಈಗ ದ್ರವರೂಪದ ಡಿಪಿಡಿಯನ್ನು ಪೂರ್ತಿ ಬಿಟ್ಟು ಪುಡಿಯನ್ನೇ ತರಿಸುತ್ತೇನೆ, ಅದು ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ಫೆರಸ್ ದ್ರಾವಣವನ್ನು ಮಾತ್ರ ಮಿಲಿಲೀಟರ್ ಲೆಕ್ಕದಲ್ಲಿ ದುಬಾರಿಯಾದರೂ ಚಿಕ್ಕ ಬಾಟಲಿಯಲ್ಲೇ ಕೊಳ್ಳುತ್ತೇನೆ, ಏಕೆಂದರೆ ದೊಡ್ಡದರ ಕೊನೆಯ ಕಾಲುಭಾಗ ಒಮ್ಮೆಯೂ ನನ್ನ ಒರೆಯಲ್ಲಿ ಪಾಸಾಗಿಲ್ಲ.