ಉಳಿದ ಬ್ಯಾಟಿಂಗ್ ತುಂಡುಗಳನ್ನು ಜೋಡಿಸಿದ್ದು

ಬ್ಯಾಟಿಂಗ್ ಅಂದ್ರೆ ಕ್ರಿಕೆಟ್ ಅಲ್ಲ, ಕ್ವಿಲ್ಟ್ (ಕೌದಿಯಂಥ ಹೊದಿಕೆ) ಒಳಗೆ ಹಾಕುವ ಮೆತ್ತನೆಯ ಶೀಟ್, ನನ್ನದು ಹತ್ತಿಯದು. ಹಿಂದಿನ ಕ್ವಿಲ್ಟ್‌ಗಳಿಂದ ಉಳಿದ ತುಂಡುಗಳು ಒಂದು ಚೀಲದ ತುಂಬಾ ಇದ್ದವು. ಅಕ್ಕನ ಮಗುವಿಗೆ ಪುಟ್ಟ ಹೊದಿಕೆ ಮಾಡೋಣ ಅಂತ ಎರಡು ತುಂಡು ತೆಗೆದು, ಅಂಚುಗಳು ಒಂದರ ಮೇಲೊಂದು ಒಂದಿಂಚು ಬರುವ ಹಾಗೆ ಇಟ್ಟು ಮಿಷನ್‌ನಲ್ಲಿ ನೇರ ಹೊಲಿದೆ. ಮೇಲೆ ಬಟ್ಟೆ ಹಾಕಿ ಕೈಯಾಡಿಸಿದರೆ ನಡುವೆ ಹಗ್ಗ ಇಟ್ಟ ಹಾಗೆ ದಿಣ್ಣೆ! ಪೂರ್ತಿ ಬಿಚ್ಚಿದೆ.

ಎರಡನೇ ಸಲ ಎರಡಿಂಚು ಮೇಲೆ ಮೇಲೆ ಇಟ್ಟು, ಆ ಜಾಗದಲ್ಲಿ ಎರಡೂ ಪದರ ಸೇರಿಸಿ ಒಂದೇ ಸಲಕ್ಕೆ, ಹಾವು ಹರಿದ ಹಾಗೆ ಅಲೆ ಅಲೆಯಾಗಿ ಕತ್ತರಿಸಿದೆ. ಮೇಲೊಂದು, ಕೆಳಗೊಂದು ಬಂದ ಚೂರು ತೆಗೆದರೆ ಅಂಚಿಗೆ ಅಂಚು ಸರಿಯಾಗಿ ಕೂರುತ್ತದೆ. ನೇರ ಗೆರೆ ಆದರೆ ಮಡಚುವಾಗ ಅಲ್ಲೇ ಮುರಿದ ಹಾಗೆ ಕಾಣುತ್ತದೆ, ಅಲೆಯಲ್ಲಿ ಅದು ಗೊತ್ತೇ ಆಗಲ್ಲ. ಆಮೇಲೆ ಆ ಅಂಚುಗಳ ಮೇಲೆ ಮಿಷನ್‌ನ ಅತಿ ಅಗಲದ ಝಿಗ್‌ಝಾಗ್ (ಅಂಕುಡೊಂಕು) ಹೊಲಿಗೆ, ನನ್ನದರಲ್ಲಿ 5 ಮಿ.ಮೀ. ಶೀಟನ್ನು ಎಳೆಯಬಾರದು, ಸುಮ್ನೆ ದಾರಿ ತೋರಿಸಿದರೆ ಸಾಕು. ಎಳೆದರೆ ಅಂಚು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಝಿಗ್‌ಝಾಗ್ ಇಲ್ಲದಿದ್ದರೆ ಕೈಯಲ್ಲೇ ಸಡಿಲವಾಗಿ ದೊಡ್ಡ ಹೊಲಿಗೆ ಹಾಕಬಹುದು, ಒಳಗಿರುವುದನ್ನು ಯಾರು ನೋಡ್ತಾರೆ ಅಲ್ವಾ?

ಹತ್ತಿಯ ಬ್ಯಾಟಿಂಗ್ ಜೊತೆ ಪಾಲಿಯೆಸ್ಟರ್ ಬ್ಯಾಟಿಂಗ್ ಮಾತ್ರ ಸೇರಿಸಬೇಡಿ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಕುಗ್ಗಲ್ಲ. ದಪ್ಪವೂ ಒಂದೇ ಇರಲಿ. ಹೊದಿಕೆ ಎರಡು ಸಲ ಒಗೆದಾಯಿತು, ಜೋಡಣೆ ಎಲ್ಲಿದೆ ಅಂತ ನನಗೇ ಹುಡುಕಲು ಆಗಲಿಲ್ಲ.